ದೊಡ್ಡಪ್ಪನ ಫಾರ್ವರ್ಡು, ಅತ್ತೆಯ ಪ್ರಶ್ನೆ

2024ರ ಆಗಸ್ಟ್, ಒಂದು ಭಾನುವಾರ ಬೆಳಿಗ್ಗೆ. ನಮ್ಮ 'ಕೋಲಾರದ ನೆಂಟರು' ವಾಟ್ಸಾಪ್ ಗುಂಪು. ನಾಮಕರಣದ ಫೋಟೋಗಳ ಮಧ್ಯೆ ದೊಡ್ಡಪ್ಪ ಇದನ್ನು ಹಾಕಿದರು. ನನ್ನ ಫೋನಿನಲ್ಲಿ ಸೇವ್ ಮಾಡಿರುವ ಹೆಸರುಗಳನ್ನೇ ಇಟ್ಟಿದ್ದೇನೆ.

ದೊಡ್ಡಪ್ಪ: ದೇಶ ಸರಿಹೋಗಲು ಮೂರೇ ದಾರಿ. 1. ಎಂಪಿ, ಎಂಎಲ್‌ಎಗಳ ಪಿಂಚಣಿ ರದ್ದು. 2. ಡಿಗ್ರಿ ಇದ್ದವರು ಮಾತ್ರ ಚುನಾವಣೆಗೆ ನಿಲ್ಲಬೇಕು. 3. ಒಬ್ಬ ಗಟ್ಟಿ ನಾಯಕನ ಕೈಗೆ ಪೂರ್ತಿ ಅಧಿಕಾರ. 10 ಗುಂಪಿಗೆ ಕಳಿಸಿ 🙏

ಭಾವ: 👍 ಮೂರನೆಯದು ಮೊದಲು ಆಗಬೇಕು ಮಾವ.

ನಾನು: ಆಮೇಲೆ ಲೆಕ್ಕ ಕೇಳುವವರು ಯಾರು ಭಾವ? ಹೆಸರು ಹೊರಗೆ ಬಾರದ ಹಾಗೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡ್ ನೋಡಿ. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ತಾನೇ ದುಡ್ಡು ಕೊಟ್ಟವರ ಪಟ್ಟಿ ಹೊರಗೆ ಬಂದಿದ್ದು?

ಭಾವ: ದಿಲ್ಲಿ ವಿಷಯ ನಮಗ್ಯಾಕೆ ಬಿಡು.

ಅತ್ತೆ: ಹಾಗಾದ್ರೆ ನಮ್ಮ ತಾಲ್ಲೂಕಿಗೇ ಬನ್ನಿ ಅಳಿಯಂದಿರೇ. ಅಣ್ಣ, ನಾನು ಓದಿದ್ದು ಏಳನೇ ಕ್ಲಾಸು. 2016ರಲ್ಲಿ ಮಹಿಳಾ ಮೀಸಲು ಬಂತು ಅಂತ ತಾಲ್ಲೂಕು ಪಂಚಾಯಿತಿಗೆ ನನ್ನನ್ನು ನಿಲ್ಲಿಸಿದ್ದು ನೀವೇ.

ದೊಡ್ಡಪ್ಪ: ನಿನ್ನ ವಿಷಯ ಬೇರೆ ಕಣಮ್ಮ.

ಅತ್ತೆ: (ವಾಯ್ಸ್ ನೋಟ್. ಹಿಂದೆ ಹಸು ಕೂಗುತ್ತಿದೆ.) ಮೊದಲ ಎರಡು ಸಭೆ ನಾನು ಬಾಯಿ ಬಿಡಲಿಲ್ಲ. ಮೂರನೇ ಸಭೆಯಲ್ಲಿ ಹೆಣ್ಮಕ್ಕಳ ಹಾಸ್ಟೆಲ್ ನೀರಿನ ಬಿಲ್ಲು ಕೇಳಿದೆ. ದಿನಕ್ಕೆ 2 ಟ್ಯಾಂಕರ್ ಅಂತ ಬರೆದಿದ್ದರು. ಹುಡುಗಿಯರು ಬಕೆಟ್ ಹಿಡಿದು ಪಕ್ಕದ ತೋಟದ ಬೋರ್‌ವೆಲ್‌ಗೆ ಹೋಗೋದನ್ನ ನಾನೇ ಕಣ್ಣಾರೆ ನೋಡಿದ್ದೆ. ತಾಲ್ಲೂಕು ಪಂಚಾಯಿತಿ ಅಧಿಕಾರಿ, ಅದೇ ಇಒ, ಫೈಲು ತರಿಸಲೇಬೇಕಾಯಿತು. ಎಲ್ಲರ ಎದುರು ಓದಿದರು. ಮುಂದಿನ ವಾರದಿಂದ ಟ್ಯಾಂಕರ್ ಬಂತು. ನನ್ನ ಜಾಣತನ ಏನಿಲ್ಲ. ಕೇಳೋಕೆ ಒಂದು ಕುರ್ಚಿ ಇತ್ತು, ಅಷ್ಟೇ. 2021ಕ್ಕೆ ಅವಧಿ ಮುಗೀತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಎರಡೂ ಖಾಲಿ. ಈಗ ಬಿಲ್ಲು ಬರೆಯೋರೂ ಅಧಿಕಾರಿಗಳೇ, ಪಾಸು ಮಾಡೋರೂ ಅವರೇ.

ನಾನು: ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿಯಲ್ಲೇ ಇದೆ. ಇಲ್ಲಿ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಅಂತ ಮೂರು ವರ್ಷ ಕಳೆಯಿತು. ಬಿಜೆಪಿ ಇದ್ದಾಗಲೂ ಮಾಡಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಮಾಡಿಲ್ಲ.

ಚಿಕ್ಕಪ್ಪ: ಗುಂಪಲ್ಲಿ ಪಾರ್ಟಿ ಹೆಸರು ಬೇಡ. ಮಗು ಫೋಟೋ ಹಾಕಿ.

ಭಾವ: ಅತ್ತೆ, ಬೇಜಾರು ಮಾಡ್ಕೋಬೇಡಿ. ಸದಸ್ಯರು ಇದ್ದಾಗಲೂ ನಡೆದಿದ್ದು ಕಾಂಟ್ರಾಕ್ಟ್ ಹಂಚಿಕೆಯೇ ಅಲ್ವಾ? ಅರ್ಧ ಸೀಟು ಹೆಂಗಸರದು. ಸಹಿ ಅವರದು, ಕಾರುಬಾರು ಗಂಡಂದಿರದು.

(ಇದು ಸುಳ್ಳಲ್ಲ. ಮೊದಲ ಸಭೆಗೆ ನಮ್ಮ ಮಾವನೂ ಹೋಗಿ ಅತ್ತೆ ಪಕ್ಕದಲ್ಲೇ ಕೂತಿದ್ದರು.)

ಅತ್ತೆ: ಹಂಚಿಕೊಂಡರು, ಇಲ್ಲ ಅನ್ನಲ್ಲ. ಆದ್ರೆ ಪಾಲು ಸಿಗದವನು ಸಭೆಯಲ್ಲೇ ಕೂಗಾಡುತ್ತಿದ್ದ. ಮಾರನೇ ದಿನ ಪೇಪರಲ್ಲಿ ಬರುತ್ತಿತ್ತು. ಈಗ ಕೂಗೋರೂ ಇಲ್ಲ.

ದೊಡ್ಡಪ್ಪ: ಪಂಚಾಯಿತಿ ಖಾಲಿ ಇರೋದೇ ಎಂಎಲ್‌ಎಗಳಿಗೂ ಬೇಕು. ಜಿಲ್ಲಾ ಪಂಚಾಯಿತಿಯಲ್ಲಿ ಒಬ್ಬ ಬೆಳೆದರೆ ನಾಳೆ ಅವರ ಟಿಕೆಟ್ಟನ್ನೇ ಕೇಳ್ತಾನೆ. ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ ಇತ್ತು. ಆ ಗತ್ತು ನಾನು ನೋಡಿದ್ದೇನೆ. ಸರಿ, ಮೂರನೆಯದು ವಾಪಸ್.

ನಾನು: ಡಿಗ್ರಿ?

ದೊಡ್ಡಪ್ಪ: ಅದನ್ನೂ ತೆಗೆದೆ. ಇಲ್ಲಾಂದ್ರೆ ನಿಮ್ಮತ್ತೆ ಹಬ್ಬಕ್ಕೆ ಊಟ ಹಾಕಲ್ಲ. ಪಿಂಚಣಿ ಮಾತ್ರ ಬಿಡಲ್ಲ.

ಅತ್ತೆ: ಅಳಿಯಂದಿರೇ, ನಿಮ್ಮ ಊರ ರಸ್ತೆಯ ಮೋರಿ ಕುಸಿದಿತ್ತಲ್ಲ, ಯಾರಿಗೆ ಹೇಳಿದಿರಿ?

ಭಾವ: ಒಬ್ಬರ ಪಿಎ ನಂಬರ್ ಸಿಕ್ಕಿತ್ತು ಅತ್ತೆ. ಸೋಮವಾರ ಬಂದು ನೋಡ್ತೀವಿ ಅಂದರು.

ಅತ್ತೆ: ಯಾವ ಸೋಮವಾರ?