ಮುನ್ನೂರಕ್ಕೆ ಏರಿಸಿದರೆ ಮುಖ ಕಲ್ಲಾಗುವುದು ತಪ್ಪೀತೇ?

ದೊಡ್ಡಪ್ಪ (ಬಸವನಗುಡಿ): [ಫಾರ್ವರ್ಡ್ ಆದ ಜಾಹೀರಾತು: 300 ಎಂಬಿಪಿಎಸ್‌ಗೆ ಬನ್ನಿ, ವಿಡಿಯೋ ಕರೆಯಲ್ಲಿ ಇನ್ನು ತಡೆಯೇ ಇಲ್ಲ!]
ಪ್ರತಿ ಭಾನುವಾರ ನ್ಯೂಜೆರ್ಸಿಯ ಮಗಳೊಡನೆ ಮಾತನಾಡುವಾಗ ಅವಳ ಮುಖ ಕಲ್ಲಾಗಿ ನಿಂತುಬಿಡುತ್ತದೆ. ಈಗಿರುವ 100 ಸಾಲದೆಂದು ತೀರ್ಮಾನಿಸಿ, ನಾಳೆ 300ಕ್ಕೆ ಏರಿಸುವವನಿದ್ದೇನೆ.

ನಾನು: ದೊಡ್ಡಪ್ಪ, ದಯವಿಟ್ಟು ಒಂದು ವಾರ ತಡೆಯಿರಿ. ಸ್ಪಷ್ಟವಾದ ವಿಡಿಯೋ ಕರೆಗೆ ಹೋಗಲು, ಬರಲು ತಲಾ 4 ಎಂಬಿಪಿಎಸ್ ಇದ್ದರೆ ಸಾಕು. ನಿಮ್ಮಲ್ಲಿ ಅದರ ಇಪ್ಪತ್ತೈದು ಪಟ್ಟು ಇದೆ. ನಿಮ್ಮನ್ನು ಕಾಡುತ್ತಿರುವುದು ವೇಗದ ಕೊರತೆಯಲ್ಲ, ವಿಳಂಬ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ಕೊಳವೆಯನ್ನು ಅಗಲಿಸಿದರೆ ನೀರು ಹೆಚ್ಚೀತೇ ಹೊರತು ದಾರಿ ಹತ್ತಿರವಾಗುವುದಿಲ್ಲ.

ದೊಡ್ಡಪ್ಪ: ಮೂವತ್ತು ವರ್ಷ ಕೊಳವೆ ಹಾಕಿಸಿದವನಿಗೆ ಕೊಳವೆಯ ಪಾಠ ಹೇಳಬೇಡ. ತುಂಬಿದ ಕೊಳವೆಯಲ್ಲಿ ನಲ್ಲಿ ತಿರುಗಿಸಿದ ಕ್ಷಣವೇ ನೀರು ಬೀಳುತ್ತದೆ. ಅದು ಕಾವೇರಿ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯನ್ನು ಆಗಷ್ಟೇ ಬಿಟ್ಟ ನೀರಲ್ಲ. ಇನ್ನು ವಿಳಂಬದ ಮಾತು: ರೂಟರ್ ಪಕ್ಕದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿದೆ, ವೇಗ 94, ಪಿಂಗ್ (ಸಂದೇಶ ಹೋಗಿಬರುವ ಸಮಯ) 5 ಮಿಲಿಸೆಕೆಂಡು.

ನಾನು: ಹೋಲಿಕೆ ಸೋತಿತು, ಒಪ್ಪಿದೆ, ಲೆಕ್ಕವನ್ನೇ ಹೇಳುತ್ತೇನೆ. ಆ ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ, ಆದ್ದರಿಂದ 5 ಮಿಲಿಸೆಕೆಂಡು ಎಂಬುದು ಊರೊಳಗಿನ ಸಂಖ್ಯೆ. ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನ್ಯೂಜೆರ್ಸಿ 13,000 ಕಿಲೋಮೀಟರಿಗೂ ಆಚೆ ಇರುವುದರಿಂದ, ಕೇಬಲ್ ನೇರವಾಗಿಯೇ ಇದ್ದರೂ ಹೋಗಿಬರಲು 130 ಮಿಲಿಸೆಕೆಂಡಾದರೂ ಬೇಕು. ಯಾವ ಪ್ಲಾನಿಗೂ ಅದನ್ನು ಇಳಿಸಲಾಗದು.

ಅಕ್ಕ (ನ್ಯೂಜೆರ್ಸಿ): 130 ಮಿಲಿಸೆಕೆಂಡಿಗೆ ಉತ್ತರ ತುಸು ತಡವಾದೀತು, ಮುಖ ಕಲ್ಲಾಗುವುದೇಕೆ? ಅದೂ ಬುಧವಾರ ಮಾತನಾಡಿದರೆ ಏನೂ ಆಗುವುದಿಲ್ಲ.

ನಾನು: ಇದೇ ಮುಖ್ಯವಾದ ಪ್ರಶ್ನೆ. ದೂರದ ವಿಳಂಬ ಎಲ್ಲ ದಿನವೂ ಒಂದೇ. ಭಾನುವಾರ ಮಾತ್ರ ಕೆಡುತ್ತದೆಯೆಂದರೆ ಬಹುಶಃ ಮನೆಯೊಳಗೇ ಎಲ್ಲೋ ಸಾಲು ನಿಲ್ಲುತ್ತಿದೆ.

ದೊಡ್ಡಮ್ಮ: ಭಾನುವಾರ ಆ ಹೊತ್ತಿಗೆ ನಾನು ಸಂಗೀತದ ತರಗತಿಯ ವಿಡಿಯೋಗಳನ್ನು ಇಂಟರ್ನೆಟ್ಟಿನ ಡ್ರೈವ್‌ಗೆ ಹಾಕುತ್ತಿರುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ನಾನು: ಇದೆ, ದೊಡ್ಡಮ್ಮ. ನೀವಿಬ್ಬರೂ ಕೂರುವುದು ಎರಡು ಗೋಡೆಗಳಾಚೆಯ ಕೋಣೆಯಲ್ಲಿ. ಅಲ್ಲಿಗೆ ವೈಫೈ ಕ್ಷೀಣವಾಗಿ ತಲುಪುತ್ತದೆ, ಜೊತೆಗೆ ಅಕ್ಕಪಕ್ಕದ ಮನೆಗಳ ಸಿಗ್ನಲ್‌ಗಳೂ ಅದೇ ರೇಡಿಯೋ ತರಂಗದ ಪಟ್ಟಿಯಾದ 2.4 ಗಿಗಾಹರ್ಟ್ಸ್‌ನಲ್ಲಿ ನೂಕಾಡುತ್ತಿರುತ್ತವೆ. ನಿಮ್ಮ ದೊಡ್ಡ ಫೈಲುಗಳು ಆ ದಾರಿಯನ್ನು ತುಂಬಿದಾಗ ಕರೆಯ ಧ್ವನಿ, ಚಿತ್ರಗಳನ್ನು ಹೊತ್ತ ಸಣ್ಣ ಪ್ಯಾಕೆಟ್‌ಗಳು ಹಿಂದೆ ಕಾಯುತ್ತವೆ. ತಡವಾಗಿ ಬಂದ ಧ್ವನಿ, ಚಿತ್ರಗಳನ್ನು ಕರೆ ಕೈಬಿಡುತ್ತದೆ. ಹೊರಗಿನ ದಾರಿ 300 ಆದರೂ ಕೋಣೆಯೊಳಗಿನ ಸಾಲು ಕರಗದು. ದೊಡ್ಡಪ್ಪ, ಅಪ್‌ಲೋಡ್ ನಡೆಯುವಾಗ ಆ ಕೋಣೆಯಿಂದಲೇ ಪಿಂಗ್ ನೋಡಿ.

ದೊಡ್ಡಪ್ಪ (ಅರ್ಧ ಗಂಟೆಯ ನಂತರ): ಅಪ್‌ಲೋಡ್ ಇಲ್ಲದಾಗ 9, ನಡೆಯುವಾಗ 380ರವರೆಗೆ ಹೋಯಿತು. ಲ್ಯಾಪ್‌ಟಾಪಿಗೆ ಹಳೆಯ ಕೇಬಲನ್ನು ನೇರವಾಗಿ ಸಿಕ್ಕಿಸಿದರೆ, ಅಪ್‌ಲೋಡ್ ನಡೆಯುತ್ತಿದ್ದರೂ 12 ದಾಟಲಿಲ್ಲ. ಸಂಖ್ಯೆಯನ್ನು ಒಪ್ಪುತ್ತೇನೆ, 300ನ್ನು ಮುಂದೂಡಿದ್ದೇನೆ, ರದ್ದು ಮಾಡಿಲ್ಲ.

ದೊಡ್ಡಮ್ಮ: ಆ ಕೇಬಲ್ ಈಗ ದೇವರ ಕೋಣೆಯ ಹೊಸ್ತಿಲ ಮೇಲೆ ಬಿದ್ದಿದೆ. ಭಾನುವಾರದೊಳಗೆ ಅದನ್ನು ಗೋಡೆಯ ಅಂಚಿಗೆ ಹಾಕಿಸದಿದ್ದರೆ ನಾನೇ ಕೀಳುತ್ತೇನೆ.