ಬ್ಲ್ಯಾಕ್ ಐಡ್ ಸೂಸನ್ ಎಲೆಗಳಲ್ಲಿ ಕಪ್ಪು ಚುಕ್ಕೆ: ಔಷಧಿ ಹೊಡೆಯಬೇಕೆ?

ಪ್ರಶ್ನೆ (ಬಾಲ್ಟಿಮೋರ್ ಹಿತ್ತಲು):
ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನಮ್ಮ ಮನೆಯ ಮುಂದೆ, ದಿನವಿಡೀ ಬಿಸಿಲು ಬೀಳುವ ಜಾಗದಲ್ಲಿ, ಜೇನುನೊಣ ಮತ್ತು ಚಿಟ್ಟೆಗಳಿಗೆಂದೇ ಪಾತಿ ಮಾಡಿ ಬ್ಲ್ಯಾಕ್ ಐಡ್ ಸೂಸನ್ (ಹಳದಿ ಎಸಳು, ನಡುವೆ ಕಂದು ಗುಬುಟಿರುವ ಹೂಗಿಡ) ನೆಟ್ಟಿದ್ದೇವೆ. ನರ್ಸರಿಯ ಚೀಟಿಯಲ್ಲಿ ‘ಗೋಲ್ಡ್‌ಸ್ಟರ್ಮ್’ ಎಂದಿದೆ. ಹೂವು ತುಂಬ ಬಂದಿದೆ. ಆದರೆ ಜುಲೈನಿಂದೀಚೆಗೆ ಬುಡದ ಎಲೆಗಳಲ್ಲಿ ಕಾಣಿಸಿಕೊಂಡ ಕಪ್ಪು ಚುಕ್ಕೆಗಳು ಈಗ ಮೇಲಿನ ಎಲೆಗಳಿಗೂ ಹಬ್ಬುತ್ತಿವೆ. ಔಷಧಿ ಹೊಡೆದರೆ ಜೇನುನೊಣಗಳಿಗೆ ತೊಂದರೆಯಾದೀತೆಂಬ ಭಯ, ಬಿಟ್ಟರೆ ಗಿಡವೇ ಹೋದೀತೆಂಬ ಭಯ. ಬಾಡಿದ ಹೂಗಳನ್ನು ಕತ್ತರಿಸಬೇಕೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮಣ್ಣಿನ ನಂಟು):
ನೀವು ವರ್ಣಿಸಿದ್ದು ಸೆಪ್ಟೋರಿಯಾ ಎಂಬ ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗದ ಲಕ್ಷಣ; ಗೋಲ್ಡ್‌ಸ್ಟರ್ಮ್ ತಳಿಗೆ ಇದು ಬೇಗ ತಗಲುತ್ತದೆ. ಉದುರಿದ ಎಲೆಗಳಲ್ಲಿ ಚಳಿಗಾಲ ಕಳೆಯುವ ಶಿಲೀಂಧ್ರದ ಬೀಜಕಣಗಳು ಮಳೆಹನಿ ನೆಲಕ್ಕೆ ಬಡಿದಾಗ ಸಿಡಿದು ಕೆಳಗಿನ ಎಲೆಗಳಿಗೆ ಅಂಟುವುದರಿಂದಲೇ ರೋಗವು ಬುಡದಿಂದ ಮೇಲಕ್ಕೆ ಏರುತ್ತದೆ. ಗಿಡ ಸಾಯುವುದು ಅಪರೂಪ, ಹೂವೂ ನಿಲ್ಲುವುದಿಲ್ಲ. ಆದ್ದರಿಂದ ಜೇನುನೊಣಗಳಿಗಾಗಿ ಮಾಡಿದ ಪಾತಿಯಲ್ಲಿ ಔಷಧಿ ಹೊಡೆಯುವುದು ನನಗೆ ಸರಿಕಾಣುವುದಿಲ್ಲ. ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಸ್ಪ್ರಿಂಕ್ಲರ್ ನಿಲ್ಲಿಸಿ, ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ನೀರು ಕೊಡಿ. ಗಿಡಗಳು ಒತ್ತಾಗಿದ್ದರೆ ವಸಂತದಲ್ಲಿ ಅಗೆದು ಬೇರ್ಪಡಿಸಿ, ಒಂದೂವರೆ ಅಡಿ ಅಂತರದಲ್ಲಿ ನೆಡಿ. ಹೊಸದಾಗಿ ಕೊಳ್ಳುವುದಾದರೆ, ಈ ರೋಗವನ್ನು ಚೆನ್ನಾಗಿ ತಡೆಯುವ ‘ಅಮೆರಿಕನ್ ಗೋಲ್ಡ್ ರಷ್’ ತಳಿಯನ್ನು ಕೇಳಿ ನೋಡಿ.

ಉತ್ತರ (ಹೂದೋಟ):
ಒಂದು ಮಾತು ಸೇರಿಸುತ್ತೇನೆ. ಮೇರಿಲ್ಯಾಂಡ್ 1918ರಲ್ಲಿ ರಾಜ್ಯದ ಹೂವೆಂದು ಆರಿಸಿಕೊಂಡದ್ದು ರುಡ್ಬೆಕಿಯಾ ಹಿರ್ಟಾ ಎಂಬ ಜಾತಿಯ ಬ್ಲ್ಯಾಕ್ ಐಡ್ ಸೂಸನ್. ನಿಮ್ಮದು ಅದರ ಹತ್ತಿರದ ಸಂಬಂಧಿಯಾದ ರುಡ್ಬೆಕಿಯಾ ಫುಲ್ಗಿಡಾ. ಹಿರ್ಟಾದ ಎಲೆ, ಕಾಂಡಗಳನ್ನು ಮುಟ್ಟಿದರೆ ಒರಟು ರೋಮ ಕೈಗೆ ತಾಗುತ್ತದೆ. ಅದು ಹೆಚ್ಚಾಗಿ ಎರಡು ವರ್ಷ ಬಾಳಿ, ತಾನೇ ಉದುರಿಸಿದ ಬೀಜದಿಂದ ಮತ್ತೆ ಹುಟ್ಟುತ್ತದೆ. ಫುಲ್ಗಿಡಾ ಬೇರಿನಿಂದಲೇ ಹಲವು ವರ್ಷ ಚಿಗುರುತ್ತದೆ. ಎರಡಕ್ಕೂ ಗೊಬ್ಬರ ಹೆಚ್ಚು ಹಾಕಬೇಡಿ. ಕಾಂಡ ಮೆತ್ತಗಾಗಿ ಮಗ್ಗುಲಿಗೆ ಬೀಳುತ್ತದೆ.

ನಿಮ್ಮ ಹೂವಿನ ನಡುವಿನ ಕಂದು ಗುಬುಟನ್ನು ಹತ್ತಿರದಿಂದ ನೋಡಿ. ಅಲ್ಲಿರುವ ನೂರಾರು ಕಿರುಹೂಗಳು ಕೆಳಗಿನ ಸುತ್ತಿನಿಂದ ಮೇಲಕ್ಕೆ ದಿನವೂ ಒಂದಿಷ್ಟು ಅರಳುತ್ತ, ಹಳದಿ ಪರಾಗದ ಉಂಗುರವನ್ನು ಮೇಲಕ್ಕೆ ಸರಿಸುತ್ತವೆ. ಹೀಗಾಗಿ ಒಂದೇ ಹೂವು ಬಹಳ ದಿನ ಜೇನುನೊಣಗಳಿಗೆ ಆಹಾರ ಕೊಡುತ್ತದೆ. ಹಿರ್ಟಾದಲ್ಲಿ ಇನ್ನೊಂದು ವಿಶೇಷವಿದೆ: ನಮ್ಮ ಕಣ್ಣಿಗೆ ಉದ್ದಕ್ಕೂ ಹಳದಿಯಾಗಿ ಕಾಣುವ ಎಸಳಿನ ಬುಡವು ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವುದರಿಂದ, ಜೇನುನೊಣಕ್ಕೆ ಅದು ಮಕರಂದದ ದಾರಿ ತೋರುವ ಬೇರೆಯೇ ಬಣ್ಣದ ವಲಯವಾಗಿ ಕಾಣುತ್ತದೆ.

ಉತ್ತರ (ಮಣ್ಣಿನ ನಂಟು):
ಬಾಡಿದ ಹೂಗಳ ವಿಚಾರ ಬಿಟ್ಟುಹೋಗಿತ್ತು. ಆಗಸ್ಟ್‌ವರೆಗೆ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತವೆ. ಆಮೇಲೆ ಬಿಟ್ಟುಬಿಡಿ, ಒಣಗಿದ ಗುಬುಟುಗಳಿಂದ ಬೀಜ ತಿನ್ನಲು ಗೋಲ್ಡ್‌ಫಿಂಚ್ ಹಕ್ಕಿಗಳು ಬರುತ್ತವೆ. ರೋಗದ ಎಲೆಗಳನ್ನಷ್ಟೇ ಶರತ್ಕಾಲದಲ್ಲಿ ತೆಗೆದು, ಕಾಂಡಗಳನ್ನು ವಸಂತದವರೆಗೆ ನಿಲ್ಲಲು ಬಿಡಿ.