ಅಪ್‌ಡೇಟ್: ಎರಡನೇ ರಿಚರ್ಡನ ಚಂಚಲತೆ ದೌರ್ಬಲ್ಯವೇ?

ಷೇಕ್ಸ್‌ಪಿಯರನ ‘ಎರಡನೇ ರಿಚರ್ಡ್’ ನಾಟಕದ ಇಂಗ್ಲೆಂಡಿನ ದೊರೆಯು ಒಂದು ಗಳಿಗೆ ದೇವರ ಪ್ರತಿನಿಧಿಯಂತೆಯೂ ಮರುಗಳಿಗೆ ಏನೂ ಅಲ್ಲದವನಂತೆಯೂ ಮಾತನಾಡುವುದು ಬರಿಯ ಮನೋದೌರ್ಬಲ್ಯವೇ ಎಂದು ನಾನು ಹಿಂದೆ ಕೇಳಿದ್ದೆ. ಮೂರನೇ ಅಂಕವನ್ನು ನಿಧಾನವಾಗಿ ಮತ್ತೆ ಓದುವಂತೆ ಸೂಚಿಸಿದವರಿಗೆ ಕೃತಜ್ಞತೆಗಳು. ನನ್ನ ಅಭಿಪ್ರಾಯ ಬದಲಾಗಿದೆ.

ಐರ್ಲೆಂಡಿನಿಂದ ಮರಳಿ ವೇಲ್ಸ್ ಕರಾವಳಿಯಲ್ಲಿ ಇಳಿದ ರಿಚರ್ಡ್, ಅಭಿಷಿಕ್ತನಾದ ದೊರೆಯ ಮೇಲಿನ ತೈಲವನ್ನು ಕಡಲಿನ ನೀರೆಲ್ಲವೂ ತೊಳೆಯಲಾರದೆಂದು ನುಡಿಯುತ್ತಾನೆ. ತನ್ನ ಪರ ಹೋರಾಡಬೇಕಿದ್ದ 12,000 ಮಂದಿಯ ವೇಲ್ಸ್ ಪಡೆ ಚದುರಿತೆಂದು ಕೇಳಿದೊಡನೆ ಅವನ ಮುಖ ಬಿಳಿಚಿಕೊಳ್ಳುತ್ತದೆ. ಬಳಿಕ, ತನ್ನನ್ನೇ ತಾನು ಮರೆತಿದ್ದೆನೆಂದು ಎಚ್ಚೆತ್ತು, ದೊರೆಯ ಹೆಸರೊಂದೇ 20,000 ಹೆಸರುಗಳಿಗೆ ಸಮವಲ್ಲವೇ ಎನ್ನುತ್ತಾನೆ. ಅದೇ ದೃಶ್ಯದಲ್ಲಿ, ತಾನೂ ಎಲ್ಲರಂತೆ ಹಸಿವು, ದುಃಖ, ಗೆಳೆಯರ ಅಗತ್ಯ ಇರುವ ಮನುಷ್ಯನೆಂದು ಒಪ್ಪಿಕೊಳ್ಳುತ್ತಾನೆ. ಚರಿತ್ರೆಯ ರಿಚರ್ಡ್ 1377ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದಾಗಲೇ ಪಟ್ಟವೇರಿದವನು. ನಾಟಕದ ರಿಚರ್ಡನಿಗೂ ಕಿರೀಟವನ್ನು ಕಳಚಿಟ್ಟರೆ ಉಳಿಯುವ ‘ನಾನು’ವಿನ ಪರಿಚಯವೇ ಇಲ್ಲವೆಂದು ನನಗೆ ಈಗ ತೋರುತ್ತದೆ.

ಬಂಡೆದ್ದ ಸೋದರಸಂಬಂಧಿ ಬಾಲಿಂಗ್‌ಬ್ರೋಕನಿಗೆ ಕಿರೀಟ ಬಿಟ್ಟುಕೊಡುವ ಪದತ್ಯಾಗದ ದೃಶ್ಯದಲ್ಲಿ ಅವನು ಕನ್ನಡಿ ತರಿಸುವುದು ಇದೇ ಕಾರಣಕ್ಕಿರಬೇಕು. ಇಷ್ಟೆಲ್ಲ ಕಳೆದುಕೊಂಡರೂ ಮುಖದಲ್ಲಿ ಸುಕ್ಕು ಹೆಚ್ಚಿಲ್ಲವೆಂಬುದನ್ನು ಸಹಿಸಲಾರದೆ ಅವನು ಕನ್ನಡಿಯನ್ನು ಒಡೆಯುತ್ತಾನೆ. (1597ರ ಮೊದಲ ಮುದ್ರಣದಲ್ಲಿ ಈ ಭಾಗವಿರಲಿಲ್ಲ, ಅದು ಅಚ್ಚಾದದ್ದು 1608ರಲ್ಲಿ.)

ಸೆರೆಮನೆಯಲ್ಲಿ ಅವನು ಒಮ್ಮೆ ದೊರೆಯಾಗಿ, ಒಮ್ಮೆ ಭಿಕ್ಷುಕನಾಗಿ ತನ್ನನ್ನು ಕಲ್ಪಿಸಿಕೊಂಡು, ಯಾವುದರಲ್ಲಿಯೂ ನೆಮ್ಮದಿ ಕಾಣದಿರುವುದನ್ನು ಈಗ ದೌರ್ಬಲ್ಯವೆಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ.